ಕಬ್ಬಿಣ ಕಂಡರಾಗದ ತೌನೊ
ಲ್ಯಾಪ್‌ಲ್ಯಾಂಡಿನ ಈ ಕಾಂತ ವೀಕ್ಷಣಾಲಯದ ತೌನೊನಂಥ ಕಬ್ಬಿಣದ ವೈರಿ ಭೂಮಿ ಮೇಲೆ ಇನ್ನೊಬ್ಬ ಇರಲಿಕ್ಕಿಲ್ಲ ಬಿಡಿ! ಅವನ ಅಂಗಿಗೆ ಹಿಮಸಾರಂಗದ ಕೊಂಬಿನ ಗುಂಡಿ, ಪ್ಯಾಂಟಿಗೆ ಬೆಲ್ಟಿನ ಬದಲು ಹಗ್ಗ. ಭೂಮಿಯ ಕಾಂತತ್ವ ಅಳೆಯುವ, ಚೂರು ಕಬ್ಬಿಣ ಹತ್ತಿರ ಬಂದರೂ ಲೆಕ್ಕ ತಪ್ಪುವ ಕಾಂತಮಾಪಕ ಇಟ್ಟಿರುವ ಮರದ ಗುಡಿಸಲಿಗೆ ಯಾರೇ ಬರಲಿ, ಬಾಗಿಲಲ್ಲೇ ತಡೆಯುತ್ತಾನೆ: "ಕೀಲಿ, ಚಾಕು, ಹೇರ್‌ಪಿನ್ನು ಎಲ್ಲಾ ಇಲ್ಲಿಡಿ. ಎಲ್ಲಿ, ಬೂಟಿನ ಮೊಳೆ ತೋರ್ಸಿ!" ಒಮ್ಮೆ ಬಂದ ಮಂತ್ರಿಯನ್ನೂ ಕಾಲುಚೀಲದಲ್ಲೇ ಹಿಮದ ಮೇಲೆ ನಡೆಸಿದ ಪುಣ್ಯಾತ್ಮ. ಒಳಗಿಂದ ಗೆರೆ ಬಿದ್ದ ಕಾಗದ ತಂದು, ಗೆರೆ ಎಷ್ಟು ಕುಣಿದಿದೆ ಎಂದು ಅಳೆದು, ಸೊನ್ನೆಯಿಂದ ಒಂಬತ್ತರೊಳಗೆ ಸೂರ್ಯ ಸಿಡಿದಾಗ ಏಳುವ ಕಾಂತ ಬಿರುಗಾಳಿಗೆ ಅಂಕ ಹಾಕುವುದೇ ಅವನ ಜೀವನವಾಗಿತ್ತು. ಈ ವರ್ಷ ಮಾತ್ರ, ಆ ಅಂಕವನ್ನು ಕಂಪ್ಯೂಟರೇ ಹಾಕಬೇಕೆಂದು ಹಠ ಹಿಡಿದಿದ್ದ. ನಿಜವಾದ ಬಿರುಗಾಳಿಯಲ್ಲಿ ಅದು ತಪ್ಪಿದರೆ ಈ ಕಂಪ್ಯೂಟರ್ ಪ್ರಯೋಗವೇ ಬಂದ್ ಎಂದು ಮೇಲಿನವರು ಹೇಳಿಯಾಗಿತ್ತು. "ಹಿಮಬಂಡಿ ಹಾದುಹೋದ್ರೂ ಸೂರ್ಯ ಸಿಡಿದ ಅನ್ನುತ್ತಲ್ಲೋ ಮುದುಕಾ, ನಿನ್ ಕಂಪ್ಯೂಟರು!" ಎಂದು ಜೊತೆಗಾರ್ತಿ ಹಿಲ್ಕಾ ಕಾಲೆಳೆದರೆ, "ಕಲ್ಸ್ತೀನಿ ತಾಳೇ. ನಿಂಗೇ ಕಲ್ಸಿದೀನಿ, ಇದ್ಯಾವ ಲೆಕ್ಕ!" ಅನ್ನುತ್ತಿದ್ದ. ಇವತ್ತು ಕಾಫಿ ಹೊತ್ತಿಗೆ ಬಂದೇಬಿಟ್ಟಿತು ಬಿರುಗಾಳಿ! ಗೆರೆ ಹುಚ್ಚೆದ್ದು ಕುಣಿಯಿತು. ಹಿಲ್ಕಾ ಗುಡಿಸಲಿನಿಂದ ಕಾಗದ ತಂದು ಕೈಯಲ್ಲಿ ಅಳೆದಳು: ಒಂಬತ್ತು. ದೂರದ ಕಚೇರಿಯಲ್ಲಿ ತೌನೊನ ಕಂಪ್ಯೂಟರ್ ಪರದೆ ಮೇಲೂ ಒಂಬತ್ತು! ತೌನೊ ಮರದ ಊರುಗೋಲು ಎಸೆದು ಕುಂಟುತ್ತಲೇ ಕುಣಿದ. "ನೋಡ್ದೇನೇ, ಇಲ್ಲಿಂದ್ಲೇ ಕಾಣ್ಸುತ್ತೆ ಇನ್ಮೇಲೆ!" ಎಂದು ಕೂಗಿದ. ಹೋದ ಚಳಿಗಾಲ ಜಾರಿ ಬಿದ್ದಾಗ ವೈದ್ಯರು ಅವನ ತೊಡೆಯೊಳಗೆ ಉಕ್ಕಿನ ಸರಳು ಹಾಕಿದ್ದರು. ಅಂದಿನಿಂದ ಆ ಗುಡಿಸಲಿನ ಬಾಗಿಲಲ್ಲಿ ಅವನು ತಪ್ಪದೆ ತಡೆದವರಲ್ಲಿ ಮೊದಲನೆಯವನು ತಾನೇ.