ಕಮಾನು ಅರಳಲು ಬೇಕಾದ ಗಂಟೆಗಳು

ಬೆಳಗಿನ ಆರು ಗಂಟೆ. ಮದುವೆ ಅಲಂಕಾರದ ಅಂಗಡಿಯ ಹಿಂದಿರುವ ತಗಡಿನ ಕೊಠಡಿಯಲ್ಲಿ ಹನ್ನೊಂದು ಬಕೆಟ್‌ಗಳ ನಡುವೆ ಅವರು ಬರಿಗಾಲಲ್ಲಿ ಕೂತಿದ್ದಾರೆ. ಎಲ್ಲವನ್ನೂ ಬಕೆಟ್ ಲೆಕ್ಕದಲ್ಲೇ ಹೇಳುವುದರಿಂದ ಎಲ್ಲರಿಗೂ ಅವರು ಬಕೆಟ್ ಅಕ್ಕ. ಕತ್ತರಿಯನ್ನು ದಾರದಿಂದ ಮಣಿಕಟ್ಟಿಗೆ ಕಟ್ಟಿಕೊಂಡಿದ್ದಾರೆ. ಹೂವಿನ ದಂಟನ್ನು ನೀರಿಗೆ ಅದ್ದಿ, ನೀರೊಳಗೇ ಓರೆಯಾಗಿ ಕತ್ತರಿಸುತ್ತಾರೆ. ಹೊರಗೆ ಕತ್ತರಿಸಿದರೆ ದಂಟು ಗಾಳಿ ಕುಡಿಯುತ್ತದಂತೆ.

"ಗಾಳಿ ಕುಡಿದ ಹೂವು ಮಧ್ಯಾಹ್ನಕ್ಕೇ ಜೋತು ಬೀಳುತ್ತೆ. ಮದುಮಗಳು ಪಾಪ ಇನ್ನೂ ನಗ್ತಾ ನಿಂತಿರ್ತಾಳೆ" ಎನ್ನುತ್ತಾರೆ.

ಕಬ್ಬಿಣದ ಕಮಾನು ಮೂರು ತುಂಡಾಗಿ ಗೋಡೆಗೆ ಒರಗಿದೆ. ಎರಡು ತುಂಡುಗಳಿಗೆ ಇನ್ನೂರ ಅರವತ್ತು ಬಿಳಿ ಹೂ ಕಟ್ಟಿಯಾಗಿದೆ. ಅಷ್ಟರಲ್ಲಿ ಫೋನ್ ಬರುತ್ತದೆ. ಕೈ ಒದ್ದೆ, ಹಾಗಾಗಿ ಅಕ್ಕ ಸ್ಪೀಕರ್ ಹಾಕಿ ನೆಲದ ಮೇಲಿಡುತ್ತಾರೆ. ಇವತ್ತಿನ ಮದುಮಗಳ ತಾಯಿ.

"ಬಿಳಿ ಬೇಡ ಕಣಮ್ಮ, ಹಳದಿ ಮಾಡಿಬಿಡಿ. ಮಗಳು ಮನಸ್ಸು ಬದಲಾಯಿಸಿದಾಳೆ."

"ಕಟ್ಟಿ ಆಗಿದೆ ಅಮ್ಮಾ."

"ಇನ್ನೂ ಆರು ಗಂಟೆ ಅಲ್ವಾ? ಎರಡೇ ಗಂಟೆ ಕೆಲಸ ಅಂತ ಪೇಪರಲ್ಲೇ ಬಂದಿದೆಯಲ್ಲ."

ಅಕ್ಕ ಒದ್ದೆ ಬೆರಳಲ್ಲೇ ಕರೆ ಮುಗಿಸುತ್ತಾರೆ. ಜೊತೆಗೇ ಕೆಲಸ ಮಾಡುವ ಅವರ ನಾದಿನಿ ನನ್ನತ್ತ ಒಮ್ಮೆ ನೋಡಿ ಮತ್ತೆ ಎಲೆ ಬಿಡಿಸತೊಡಗುತ್ತಾಳೆ. ಪೇಪರಿನಲ್ಲಿ ಹಾಗೆ ಬರೆದವಳು ನಾನೇ.

ಮೂರು ತಿಂಗಳ ಹಿಂದೆ ಇದೇ ಪುರವಣಿಗೆ ಈ ಅಂಗಡಿಯ ಬಗ್ಗೆ ಬರೆದಿದ್ದೆ. ಅಂದು ಮಕ್ಕಳ ಡಬ್ಬಿ ಕಟ್ಟಿ, ಶಾಲೆಗೆ ಬಿಟ್ಟು ಸಭಾಂಗಣ ಮುಟ್ಟುವಾಗ ಎಂಟೂವರೆ. ಹತ್ತೂವರೆಗೆ ಕಮಾನು ಎದ್ದು ನಿಂತಿತ್ತು. 'ಎರಡೇ ಗಂಟೆಯಲ್ಲಿ ಅರಳುವ ಕಮಾನು' ಎಂದು ಬರೆದೆ. ಅಂಗಡಿ ಯಜಮಾನರ ಮಾತಿತ್ತು, ಚಿತ್ರವಿತ್ತು. ಆ ಚಿತ್ರದ ಅಂಚಿನಲ್ಲಿ ದಾರದಲ್ಲಿ ಕತ್ತರಿ ಕಟ್ಟಿಕೊಂಡ ಒಂದು ಕೈಯೂ ಇತ್ತು. ಅದು ಯಾರದೆಂದು ಹುಡುಕಿಕೊಂಡೇ ಇವತ್ತು ಬಂದಿದ್ದೇನೆ.

ಯಜಮಾನರು ಆ ಲೇಖನವನ್ನು ಬಾಗಿಲೆತ್ತರಕ್ಕೆ ಮುದ್ರಿಸಿ ಅಂಗಡಿಯ ಮುಂದೆ ನಿಲ್ಲಿಸಿದ್ದಾರೆ. 'ಎರಡೇ ಗಂಟೆ'ಯ ಕೆಳಗೆ ಕೆಂಪು ಗೆರೆ. ವ್ಯಾನಿನ ಬೆನ್ನ ಮೇಲೂ, ವಿಸಿಟಿಂಗ್ ಕಾರ್ಡಿನಲ್ಲೂ ಅದೇ ಮಾತು. ತಿಂಗಳಿಗೆ ಮೂರು ಮದುವೆ ಸಿಗುತ್ತಿದ್ದವರಿಗೆ ಈಗ ಹನ್ನೊಂದು.

"ದುಡ್ಡು ಕೊಟ್ರೂ ಇಂಥ ಜಾಹೀರಾತು ಸಿಗಲ್ಲ ಮೇಡಂ. ಬಿಡೋಕಾಗುತ್ತಾ?" ಎನ್ನುತ್ತಾರೆ. ಮಾತಿನಲ್ಲಿ ಕಪಟವಿಲ್ಲ.

ನಾನು ಕಾಣದೇ ಹೋದದ್ದು ಇದು. ಹಿಂದಿನ ದಿನ ಮಧ್ಯಾಹ್ನ ಎರಡರಿಂದ ಆರರವರೆಗೆ ಎಲೆ ಬಿಡಿಸಿ, ದಂಟು ಕತ್ತರಿಸಿ, ಹೂಗಳನ್ನು ಕತ್ತಿನವರೆಗೆ ನೀರಲ್ಲಿ ನಿಲ್ಲಿಸುವುದು. ಬೆಳಿಗ್ಗೆ ನಾಲ್ಕರಿಂದ ಏಳರವರೆಗೆ ಕಟ್ಟುವುದು. ಸಭಾಂಗಣದಲ್ಲಿ ಎರಡು ಗಂಟೆ ಜೋಡಿಸುವುದು. ಹದಿನೈದು ವರ್ಷದಿಂದ ಪ್ರತಿ ಮದುವೆಗೂ ಅಕ್ಕನ ದಿನಚರಿ ಇದೇ. ಬಲಗೈ ಮಣಿಕಟ್ಟು ಎಡಗೈಗಿಂತ ದಪ್ಪ. ಬಳೆ ಏರುವುದಿಲ್ಲ.

"ಈಗ ಎಲ್ಲರೂ ಕೊನೇ ಗಳಿಗೇಲೇ ಬರ್ತಾರೆ" ಎಂದು ನಾದಿನಿ ನಗುತ್ತಾಳೆ. "ನಮ್ಮತ್ತಿಗೆ ಕೈಯಲ್ಲಿ ಮಾಯದ ಕೋಲು ಇದೆ ಅಂದ್ಕೊಂಡಿದಾರೆ. ಇರೋದು ಊತ."

ನಾದಿನಿ ಇನ್ನೊಂದು ಮಾತನ್ನೂ ಹೇಳುತ್ತಾಳೆ. ಬರುವ ತಿಂಗಳಿಂದ ಯಜಮಾನರು ಬಟ್ಟೆ ಹೂವಿನ ಕಮಾನು ತರಿಸುತ್ತಾರಂತೆ. ಮಡಿಸಿಡಬಹುದು, ಎರಡು ಗಂಟೆಯೊಳಗೆ ನಿಲ್ಲಿಸಬಹುದು. "ಪೇಪರಲ್ಲಿ ಬಂದ ಮಾತಿಗೆ ತಪ್ಪೋಕಾಗುತ್ತಾ?" ಎಂದರಂತೆ ಅವರು. ಬಟ್ಟೆ ಹೂವಿಗೆ ನೀರೂ ಬೇಡ, ಅಕ್ಕನೂ ಬೇಡ.

ಅಕ್ಕ ಎದ್ದು ಬಕೆಟ್‌ಗಳನ್ನು ನೋಡುತ್ತಾರೆ. ಹಳದಿ ಇರುವುದು ಒಂದೇ ಬಕೆಟ್. ಮಧ್ಯದ ತುಂಡಿನ ಬಿಳಿ ಹೂವನ್ನೆಲ್ಲ ಒಂದೊಂದಾಗಿ ಬಿಚ್ಚಿ ಮತ್ತೆ ನೀರಿಗಿಳಿಸುತ್ತಾರೆ. ಆ ಜಾಗಕ್ಕೆ ಹಳದಿ ಕಟ್ಟತೊಡಗುತ್ತಾರೆ.

"ಮದುಮಗಳು ನಿಲ್ಲೋದು ಇಲ್ಲಿ. ಫೋಟೋದಲ್ಲಿ ಬರೋದೂ ಇಷ್ಟೇ ಜಾಗ. ಪಕ್ಕದಲ್ಲಿ ಬಿಳಿ ಇದ್ರೆ ಹಳದಿ ಇನ್ನೂ ಎದ್ದು ಕಾಣುತ್ತೆ ಬಿಡಿ."

ಸಭಾಂಗಣದಲ್ಲಿ ಕೊನೆಯ ಗಂಟು ಬಿದ್ದ ಆರು ನಿಮಿಷಕ್ಕೆ ಮದುಮಗಳು ಒಳಗೆ ಬರುತ್ತಾಳೆ. "ಅಮ್ಮಾ, ಬರೀ ಹಳದಿ ಆಗಿದ್ರೆ ಇಷ್ಟು ಚೆನ್ನಾಗಿರ್ತಿರ್ಲಿಲ್ಲ ಅಲ್ವಾ?" ಎಂದು ಅವಳು ಕೇಳುವುದು ಹಿಂಬಾಗಿಲಿನ ಮೆಟ್ಟಿಲ ಮೇಲೆ ಕೂತ ನಮಗೆ ಕೇಳಿಸುತ್ತದೆ. ಅಕ್ಕ ಕೈಯನ್ನು ತಣ್ಣೀರಿನ ಬಕೆಟಿಗೆ ಇಳಿಸಿದ್ದಾರೆ.

ನನ್ನಿಂದ ತಪ್ಪಾಯಿತು, ಯಜಮಾನರ ಹತ್ತಿರ ನಾನೇ ಮಾತಾಡುತ್ತೇನೆ ಎನ್ನುತ್ತೇನೆ.

"ಮಾತಾಡಬೇಡಿ ಮೇಡಂ, ಬರೀರಿ" ಎನ್ನುತ್ತಾರೆ ಅಕ್ಕ. "ನನ್ನ ಹೆಸರು ಬೇಡ, ಫೋಟೋನೂ ಬೇಡ. ಒಂಬತ್ತು ಗಂಟೆ ಹಿಡಿಯುತ್ತೆ ಅಂತ ಬರೀರಿ, ಸಾಕು."

"ಹನ್ನೆರಡು ಅನ್ನಿ ಅತ್ತಿಗೆ, ಒಂದು ನಿದ್ದೆನಾದ್ರೂ ಆಗುತ್ತೆ" ಎನ್ನುತ್ತಾಳೆ ನಾದಿನಿ.

"ಸುಮ್ನಿರೇ. ಒಂಬತ್ತು ಅಂದ್ರೆ ಒಂಬತ್ತು." ಕೈಯನ್ನು ನೀರಿಂದ ತೆಗೆದು ಸೆರಗಿಗೆ ಒರೆಸಿಕೊಳ್ಳುತ್ತಾರೆ. "ನಮ್ಮ ಯಜಮಾನರು ಪೇಪರಲ್ಲಿ ಬಂದಿದ್ದನ್ನ ಮೀರೋರಲ್ಲ. ನೋಡ್ತಾ ಇರಿ, ಇದನ್ನೂ ಬಾಗಿಲೆತ್ತರಕ್ಕೆ ಮಾಡಿಸಿ ನಿಲ್ಲಿಸ್ತಾರೆ."