ಬಾಯ್ಲರ್ ಮನಿಯ ಚಡಪಡಿಕಿ ಡಬ್ಬಿ

ಮುಂಬಯಿಯ ಬೈಕುಲ್ಲಾದ ಗಿರಣಿಯ ಬಾಯ್ಲರ್ ಮನೀಗೆ ನಾ ಚಹಾ ಒಯ್ಯತಿದ್ದೆ. ಹೆಂಡತಿಗೆ ಹೆದರೂ ಧಾರವಾಡದ ಇಂಜಿನಿಯರ್ ಸಾಹೇಬ ಅಲ್ಲೊಂದು ಡಬ್ಬಿ ಕೂಡಿಸಿದ. ಬೆಂಕಿಗೆ ಗಾಳಿ ಬಿಡೂ ಕಿಂಡಿ ತುಸು ತೆರೆದು, ತುಸು ಮುಚ್ಚಿ ನೋಡಿ, ಉಗಿ ಹೆಚ್ಚಾದ ಕಡೆಗೇ ಅದು ಕಿಂಡೀನ ಸರಿಸತಿತ್ತಂತ. ಅದು ಗೆದ್ದರ ಬೆಂಕಿ ನೋಡೂ ಯಲ್ಲಪ್ಪನ ನೌಕರಿ ಹೋಗತಿತ್ತು.

ಡಬ್ಬಿ ಕಿಂಡೀನ ಪಟಪಟ ಆಡಿಸಿತು, ಉಗಿ ಇಳೀತು.

"ಬಾಯ್ಲರ್ ಜವಾಬು ಕೊಡೂದ್ರೊಳಗ ಇದು ಮತ್ತೊಂದು ಪ್ರಶ್ನಿ ಕೇಳತೈತ್ರಿ," ಅಂದ ಯಲ್ಲಪ್ಪ.

"ನಮ್ಮ ಚಾಳಿನ ಗಂಗವ್ವ ಸೊಸೀನ ಬೈದಂಗ," ಅಂದೆ ನಾ.

ಸಾಹೇಬ ತಿರುಪು ತಿರುವಿ ಡಬ್ಬೀನ ನಿಧಾನ ಮಾಡಿದ. ಉಗಿ ಏರಿತು, ಡಬ್ಬಿ ಮಾತ್ರ ಕಿಂಡೀನ ತುಸುತುಸು ಅಲುಗಿಸತಾನ ಇತ್ತು.

"ಛಲೋ ಜಾಗಾ ಸಿಕ್ಕಮ್ಯಾಲೂ ಯಾಕ್ರಿ ಚಡಪಡಿಕಿ?" ಅಂತ ಕೇಳಿದೆ ನಾ.

"ಸುಮ್ಮನ ಕುಂತರ ಅದೇ ಛಲೋ ಜಾಗಾ ಅಂತ ಅದಕ್ಕ ಹೆಂಗ ತಿಳೀಬೇಕು, ಅಕ್ಕಾ?" ಅಂದ ಸಾಹೇಬ.

ಒಂದೊಂದು ಕಲ್ಲಿದ್ದಲು ಒಂದೊಂದು ಥರಾ ಉರೀತಿತ್ತು; ಅದು ಬದಲಾದಾಗೊಮ್ಮೆ ತಿರುಪು ತಿರುವಾಕ ಯಲ್ಲಪ್ಪನೇ ಬೇಕಾದ; ನೌಕರಿ ಉಳೀತು. ಅವ ಡಬ್ಬಿಗೆ ಕೂಸು ಆಡಿಸೂ ಆಯಾ ಆಗ್ಯಾನಂತ ಚಾಳತುಂಬ ಹಬ್ಬಿಸಿದಾಕಿ ನಾನ.