ಅಸ್ಪೃಶ್ಯತೆಯ ಪಾಠ ಮಾಡಿದ ವಾರ

ನಾಗಸಂದ್ರಕ್ಕೆ ಮೆಟ್ರೋ ಬರುವ ಮುಂಚಿನ ಮಾತು. ಬೆಂಗಳೂರಿನ ರಾಜಗೋಪಾಲನಗರದ ಶಾಲೆಯೊಂದರಲ್ಲಿ ಏಳನೇ ತರಗತಿಗೆ ಸಮಾಜ ಪಾಠ ಮಾಡುತ್ತಿದ್ದೆ. ಅಸ್ಪೃಶ್ಯತೆಯ ಪಾಠ ಬಂದಾಗ ಪುಸ್ತಕದ ನಾಲ್ಕು ಸಾಲು ಓದಿಸಿ ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ನಮ್ಮೂರ ಹೋಟೆಲಿನಲ್ಲಿ ಕೆಲವರಿಗೆಂದೇ ಹೊರಗಿಡುತ್ತಿದ್ದ ಲೋಟದ ಸಂಗತಿ ಹೇಳಿದೆ. ನಿಮ್ಮ ಮನೆಯಲ್ಲೂ ಕೇಳಿಕೊಂಡು ಬನ್ನಿ ಎಂದೆ. ಮಕ್ಕಳು ಕೇಳಿದರು, ಮನೆಗಳಲ್ಲಿ ರಂಪವಾಯಿತು.

ಶನಿವಾರದ ಪೋಷಕರ ಸಭೆಯಲ್ಲಿ ಬೇರೆ ಮಾತೇ ಇಲ್ಲ. "ಮಕ್ಕಳಿಗೆ ಜಾತಿ ಅಂದ್ರೇನು ಅಂತಾನೇ ಗೊತ್ತಿರ್ಲಿಲ್ಲ ಮೇಡಂ, ನೀವೇ ತಲೆಗೆ ತುಂಬ್ತಾ ಇದ್ದೀರ," ಎಂದರು ಹಿಂದಿನ ಬೀದಿಯಲ್ಲಿ ಸಾಲು ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ ಒಬ್ಬರು. "ಪರೀಕ್ಷೆಗೆ ಬರೋದಷ್ಟು ಹೇಳ್ಕೊಡಿ, ಸಾಕು," ಎಂದರು ಇನ್ನೊಬ್ಬರು. ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದಿದ್ದ ಅಪ್ಪ ಒಬ್ಬರು ಮಾತ್ರ "ಹೇಳ್ಕೊಡ್ಲಿ ಬಿಡ್ರೀ" ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತ್ತು. ಮುಚ್ಚಿಟ್ಟರೆ ವಾಸಿಯಾಗುವ ರೋಗವಲ್ಲ ಇದು ಎಂದು ದನಿಯೆತ್ತಿ ವಾದಿಸಿದೆ. ಗೆದ್ದೆ ಅನ್ನಿಸಿತು.

ಎಲ್ಲರೂ ಹೋದ ಮೇಲೆ ಒಬ್ಬ ತಾಯಿ ಬಾಗಿಲಲ್ಲೇ ನಿಂತಿದ್ದರು. ಕಲಬುರಗಿ ಕಡೆಯವರು, ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಮಗಳು ನನ್ನ ತರಗತಿಯಲ್ಲಿದ್ದಳು. ಮೆಚ್ಚುಗೆ ಹೇಳಲು ಕಾದಿದ್ದಾರೆ ಎಂದೇ ತಿಳಿದೆ.

"ಪಾಠ ಚಲೋ ಮಾಡೀರಿ ಟೀಚರ್. ಖರೇನ ಹೇಳೀರಿ. ಆದ್ರ ನನ್ನ ಮಗಳನ್ನ ಯಾಕ ಎಬ್ಬಿಸಿ ನಿಂದ್ರಿಸಿದ್ರಿ?"

ಆಗ ನೆನಪಾಯಿತು. ಪಾಠದ ಮಾರನೆಯ ದಿನ ವಿದ್ಯಾರ್ಥಿವೇತನದ ಅರ್ಜಿಗಳು ಬಂದಿದ್ದವು. ಪ್ರತಿ ವರ್ಷದ ಅಭ್ಯಾಸದಂತೆ, ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ ಎಂದಿದ್ದೆ. ಅವಳು ಎದ್ದಿರಲಿಲ್ಲ. ದಾಖಲಾತಿ ಪುಸ್ತಕ ನೋಡಿ, "ನೀನೂ ಏಳಮ್ಮ, ನಾಚಿಕೆ ಏನು" ಎಂದು ನಾನೇ ಎಬ್ಬಿಸಿದ್ದೆ.

"ಬ್ಯಾರೆ ಜಾತಿ ಹೇಳಿ ರೂಮ್ ಹಿಡಿದಿದ್ವಿ. ಮಾಲಕರ ಮಗ ಅದೇ ಕ್ಲಾಸ್ನ್ಯಾಗ ಅದಾನ," ಎಂದರು. ಆ ಮಾಲೀಕರು ಅರ್ಧ ಗಂಟೆ ಮೊದಲು ನನ್ನೊಡನೆ ವಾದಕ್ಕಿಳಿದವರೇ. ಖಾಲಿ ಮಾಡಲು ಹೇಳಿಯಾಗಿತ್ತು. ನಾನು ಹೋಗಿ ಮಾತಾಡುತ್ತೇನೆ ಎಂದೆ. "ಬ್ಯಾಡ್ರಿ, ನೀವು ಮಾತಾಡಿದ್ದು ಸಾಕು," ಎಂದರು.

ಭಾನುವಾರ ಒಂದು ಕಡೆ ಕೂರಲಾಗಲಿಲ್ಲ. ಮಾಲೀಕರ ಗೇಟಿನವರೆಗೆ ಎರಡು ಸಲ ಹೋಗಿ ಹಾಗೆಯೇ ಹಿಂತಿರುಗಿದೆ. ಸಭೆಯಲ್ಲಿ ಇದ್ದ ಬಾಯಿ ಅಲ್ಲಿ ಬರಲಿಲ್ಲ. ನನ್ನ ಮೇಲೇ ಅಸಹ್ಯವಾಯಿತು.

ಮುಂದಿನ ವಾರ ಆ ತಾಯಿ ರೂಮು ಬಿಟ್ಟು ಹೊರಟರು; ಮಗಳ ಹೊಸ ಶಾಲೆಗೆ ವರ್ಗಾವಣೆ ಪತ್ರ ಬರೆದೆ. ಅದರಲ್ಲೂ ಜಾತಿಯ ಕಾಲಂ ಇತ್ತು, ತುಂಬಿದೆ. ಪತ್ರ ಒಯ್ಯಲು ಹುಡುಗಿಯೇ ಬಂದಿದ್ದಳು.

"ಆ ಸಾಲ್ಯಾಗೂ ಎದ್ದು ನಿಂದ್ರಬೇಕೇನ್ರಿ ಟೀಚರ್?"